ಒಂದು ಸೀಮೆಗೆ ಪಾಲಕ ಸಂತರನ್ನು ಆರಿಸುವವರು ಯಾರು?

ಪ್ರಶ್ನೆ: ಕುಂದಾಪುರದ ಮಗಳು

ನಾನು ಕುಂದಾಪುರದ ರೊಜಾರಿಯೊ ಇಗರ್ಜಿಯ (ಚರ್ಚಿನ) ಆಸುಪಾಸಿನಲ್ಲಿ ಬೆಳೆದು, ಮದುವೆಯಾಗಿ ಗೋವಾದ ಮಡಗಾಂವಿಗೆ ಬಂದವಳು. ಕಳೆದ ಭಾನುವಾರ ಊಟಕ್ಕೆ ಕುಳಿತಾಗ ಹನ್ನೊಂದು ವರ್ಷದ ಮಗ, ಗೋವಾವನ್ನು ಕಾಯುವರೆಂದು ನಂಬುವ ಪಾಲಕ ಸಂತರು ಯಾರು ಎಂದು ಕೇಳಿದ. ಮಾವನವರು ತಡಮಾಡದೆ "ಗೊಂಯ್ಚೊ ಸಾಯ್ಬ್" ಎಂದು ಸಂತ ಫ್ರಾನ್ಸಿಸ್ ಜೇವಿಯರರ ಹೆಸರು ಹೇಳಿದರು. ಗೋವಾದ ಮಹಾಧರ್ಮಪ್ರಾಂತದ, ಅಂದರೆ ಆರ್ಚ್‌ಬಿಷಪರ ಆಡಳಿತ ವಲಯದ, ಪಾಲಕರೆಂದು ಘೋಷಿತರಾದವರು ಸಂತ ಜೋಸೆಫ್ ವಾಜ್ ಎಂದು ನಾದಿನಿ ತಿದ್ದಿದಳು. ಹಳೆಗೋವಾದ ಪ್ರಧಾನ ಇಗರ್ಜಿ ಸೆ ಕೆಥೆಡ್ರಲ್ ಇರುವುದು ಸಂತ ಕ್ಯಾಥರೀನಳ ಹೆಸರಿನಲ್ಲಲ್ಲವೇ ಎಂದು ಅತ್ತೆಯವರು ನೆನಪಿಸಿದರು. ಮೀನಿನ ಸಾರು ಆರಿತು, ಮಾತು ಆರಲಿಲ್ಲ. ಕೊನೆಗೆ ಮಗ ನನ್ನತ್ತ ತಿರುಗಿ, "ಅಮ್ಮ, ನಿನ್ನ ಊರಿನ ಕಡೆಗೆ ಯಾರು?" ಎಂದಾಗ ನನಗೆ ಉತ್ತರ ಹೊಳೆಯಲಿಲ್ಲ.

ಈ ಆಯ್ಕೆಗೆ ಕ್ರಮವೆಂಬುದು ಇದೆಯೇ, ಒಮ್ಮೆ ಆರಿಸಿದವರನ್ನು ಬದಲಿಸಬಹುದೇ, ನಮ್ಮ ಕರಾವಳಿಗೆ ಯಾರ ಹೆಸರನ್ನು ಹೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಮಾಂಡೋವಿ ತೀರ

ಅಕ್ಕಾ, ನಿಮ್ಮ ಮನೆಯ ಮೂವರ ಮಾತೂ ಸರಿ. ಮೂವರು ಸಂತರೂ ಬೇರೆಬೇರೆ ದಾರಿಯಲ್ಲಿ ಬಂದವರು, ಅಷ್ಟೇ.

ಕ್ಯಾಥರೀನಳನ್ನು ಆರಿಸಿದ್ದು ಕ್ಯಾಲೆಂಡರ್. ಪೋರ್ಚುಗೀಸ್ ದಳಪತಿ ಅಲ್ಬುಕರ್ಕ್ ಗೋವಾವನ್ನು ಗೆದ್ದದ್ದು 1510ರ ನವೆಂಬರ್ 25ರಂದು, ಅಂದು ಅಲೆಕ್ಸಾಂಡ್ರಿಯದ ಆ ಸಂತಳ ಹಬ್ಬವಿತ್ತು. ಯುದ್ಧ ಒಂದು ವಾರ ತಡವಾಗಿದ್ದರೆ ಕೆಥೆಡ್ರಲ್‌ಗೆ ಬೇರೆಯೇ ಹೆಸರು ಬರುತ್ತಿತ್ತು.

ಜೇವಿಯರರು 1542ರಲ್ಲಿ ಇಲ್ಲಿಗೆ ಬಂದರಾದರೂ ಹೆಚ್ಚಿನ ಕಾಲ ಸಂಚಾರದಲ್ಲೇ ಇದ್ದು, 1552ರಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ಅವರು ಗೋವಾದಲ್ಲಿ ಖಾಯಂ ಆಗಿ ನೆಲೆಸಿದ್ದು 1554ರಲ್ಲಿ ಅವರ ಶರೀರ ಇಲ್ಲಿಗೆ ಬಂದ ಮೇಲೆ. 1683ರಲ್ಲಿ ಸಂಭಾಜಿ ಮಹಾರಾಜರ ಸೈನ್ಯ ಸಾಂತ್ ಎಸ್ತೆವ್ ದ್ವೀಪವನ್ನು ಹಿಡಿದು ನಗರದ ಹೊಸ್ತಿಲಿಗೇ ಬಂದಾಗ, ದಿಕ್ಕುಗಾಣದ ಪೋರ್ಚುಗೀಸ್ ವೈಸರಾಯ್ ಆಲ್ವೊರ್ ಕೌಂಟ್ ಆ ಶರೀರವಿರುವ ಇಗರ್ಜಿ ಬೊಮ್ ಜೆಜುಸ್‌ಗೆ ಹೋಗಿ, ಶವಪೆಟ್ಟಿಗೆಯನ್ನು ತೆರೆಸಿ, ತನ್ನ ಅಧಿಕಾರದಂಡವನ್ನು ಸಂತರಿಗೆ ಒಪ್ಪಿಸಿ, ಇನ್ನು ಈ ರಾಜ್ಯದ ಹೊಣೆ ನಿಮ್ಮದು ಎಂದು ಪ್ರಾರ್ಥಿಸಿದನು. ಮೊಘಲ್ ಸೈನ್ಯ ಕೊಂಕಣದತ್ತ ಬಂದುದರಿಂದ ಮರಾಠರು ಹಿಂದೆ ಸರಿದರು. ಊರಿನವರು ಮಾತ್ರ ಆ ಯಶಸ್ಸನ್ನು ಸಂತರ ಲೆಕ್ಕಕ್ಕೆ ಬರೆದರು. ಮುಂದೆ ಹೊಸದಾಗಿ ಬಂದ ಅಧಿಕಾರಿಗಳು ದಂಡವನ್ನು ಅವರ ಸನ್ನಿಧಿಯಲ್ಲೇ ಸ್ವೀಕರಿಸುವ ವಾಡಿಕೆ ಬೆಳೆಯಿತು. "ಸಾಯ್ಬ್" ಎಂದರೆ ಒಡೆಯ. ನಿಮ್ಮ ಮಾವನವರು ಆ ಹೆಸರನ್ನು ಸುಮ್ಮನೆ ಹೇಳಿದ್ದಲ್ಲ.

ಹಳೆಗೋವಾದ ಸಂತ ಅಂತೋನಿಯವರಿಗಂತೂ ಸೈನ್ಯದಲ್ಲಿ ಕ್ಯಾಪ್ಟನ್ ಹುದ್ದೆಯಿತ್ತು, ಸಂಬಳ ಪಡೆಯಲು ಅವರ ಪ್ರತಿಮೆಯನ್ನು ಮೆರವಣಿಗೆಯಲ್ಲಿ ಖಜಾನೆಗೆ ಕೊಂಡೊಯ್ಯುತ್ತಿದ್ದರು ಎಂದು ಹೇಳುತ್ತಾರೆ. ಆ ಸಂಬಳವನ್ನು ನಿಲ್ಲಿಸಿದ ಗವರ್ನರ್ ಒಬ್ಬ ಅಂತೋನಿಯವರ ಹಬ್ಬದ ದಿನವೇ ಬಿದ್ದು ಪೆಟ್ಟುಮಾಡಿಕೊಂಡ ಮೇಲೆ ಅದು ಮತ್ತೆ ಆರಂಭವಾಯಿತಂತೆ. ಮಗನಿಗೆ ಈ ಕಥೆಯನ್ನು ತಪ್ಪದೆ ಹೇಳಿ.

ಉತ್ತರ: ನಿವೃತ್ತ ಉಪನ್ಯಾಸಕ

ಕ್ರಮ ಇದೆ. ಪೋಪ್ ಎಂಟನೆಯ ಅರ್ಬನ್ನರ ಕಾಲದಲ್ಲಿ, 1630ರಲ್ಲಿ, ರೋಮ್ ಇದಕ್ಕೊಂದು ನಿಯಮ ಮಾಡಿತು. ಆ ನಿಯಮದಂತೆ ಪಾಲಕರಾಗುವವರು ಸಂತರೆಂದು ಘೋಷಿತರಾಗಿರಬೇಕಿತ್ತು, ಜನರು ಗುಪ್ತ ಮತದಿಂದ ಆರಿಸಬೇಕಿತ್ತು, ಬಿಷಪರೂ ಗುರುಗಳೂ ಒಪ್ಪಬೇಕಿತ್ತು, ಕೊನೆಗೆ ರೋಮಿನ ಮುದ್ರೆ ಬೀಳಬೇಕಿತ್ತು. ಚುನಾವಣೆ ಎಂಬುದು ಅಲ್ಲಿ ಉಪಮೆಯಾಗಿರಲಿಲ್ಲ, ನಿಜವಾದ ಮತದಾನವಾಗಿತ್ತು.

ಬದಲಿಸಬಹುದೇ ಎಂಬ ಪ್ರಶ್ನೆಗೆ ಇಟಲಿಯ ನೇಪಲ್ಸ್ ನಗರ ಉತ್ತರ ಕೊಟ್ಟಿದೆ. ಅಲ್ಲಿನವರು 1527ರಲ್ಲಿ, ಯುದ್ಧ ಮತ್ತು ಪ್ಲೇಗಿನ ನಡುವೆ, ತಮ್ಮ ಪಾಲಕ ಸಂತ ಜೆನ್ನಾರೊ ಅವರಿಗೆ ಚಾಪೆಲ್ ಕಟ್ಟಿಸಿಕೊಡುವುದಾಗಿ ನೋಟರಿಯ ಮುಂದೆ ಬರೆದುಕೊಟ್ಟರು. ಹರಕೆಗೆ ದಸ್ತಾವೇಜು ಮಾಡಿಸಿದ ಊರು ಅದು. ಗಾಜಿನ ಕುಪ್ಪಿಯಲ್ಲಿರುವ ಅವರ ರಕ್ತ ಹಬ್ಬದ ದಿನ ಕರಗಿದರೆ ಊರಿಗೆ ಕ್ಷೇಮ ಎಂಬುದು ನಂಬಿಕೆ. 1799ರಲ್ಲಿ ಊರನ್ನು ಹಿಡಿದ ಫ್ರೆಂಚರ ಮುಂದೆಯೂ ಅದು ಕರಗಿತು. ರಾಜನ ಪಕ್ಷದವರು ಇದನ್ನು ದ್ರೋಹವೆಂದು ಬಗೆದು, ಅದೇ ಜೂನ್ 13ರಂದು, ಅಂದರೆ ಸಂತ ಅಂತೋನಿಯವರ ಹಬ್ಬದಂದು, ನಗರವನ್ನು ಮರಳಿ ಪಡೆದಾಗ ಜೆನ್ನಾರೊ ಅವರನ್ನು ಇಳಿಸಿ ಅಂತೋನಿಯವರನ್ನು ಕೂರಿಸಿದರು. ಕೆಲವು ವರ್ಷಗಳ ಬಳಿಕ ಜೆನ್ನಾರೊ ತಮ್ಮ ಸ್ಥಾನಕ್ಕೆ ಮರಳಿದರು.

ರಕ್ತ ಕರಗುವುದು ತಡವಾದರೆ ಮುಂದಿನ ಸಾಲಿನ ಮುದುಕಿಯರು ಚಿನ್ನದ ಲೇಪದ ಆ ಪ್ರತಿಮೆಯನ್ನು "ಹಳದಿ ಮೋರೆಯವನೇ" ಎಂದು ಗದರಿಸುವುದುಂಟು. ದಾಸರ ನಿಂದಾಸ್ತುತಿಗಳನ್ನು ಕೇಳಿ ಬೆಳೆದ ನಮಗೆ ಈ ಸಲುಗೆ ಅರ್ಥವಾಗದ ವಿಷಯವೇನಲ್ಲ. ನನ್ನ ಮಟ್ಟಿಗೆ, ಬೈಯುವಷ್ಟು ಹತ್ತಿರದವರನ್ನೇ ಪಾಲಕರೆನ್ನಬೇಕು.

ಉತ್ತರ: ಮುಡಿಪು ಹಾದಿ

ತಂಗೀ, ನಿಮ್ಮ ಮಗನಿಗೆ ಹೇಳಬೇಕಾದ ಹೆಸರು ನಿಮ್ಮ ನಾದಿನಿಯ ಬಾಯಿಂದಲೇ ಬಂದಿದೆ. ಜೋಸೆಫ್ ವಾಜ್ ಗೋವಾದ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದರು. ಆದರೆ 1681ರಿಂದ 1684ರವರೆಗೆ ಅವರು ದುಡಿದದ್ದು ನಮ್ಮ ಕೆನರಾದಲ್ಲಿ. ನಿಮ್ಮ ಕುಂದಾಪುರ, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರಗಳಲ್ಲಿ. ಆಮೇಲೆ ಡಚ್ಚರ ನಿಷೇಧವಿದ್ದ ಸಿಂಹಳಕ್ಕೆ 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಹೋಗಿ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಗೋವಾ ಅವರನ್ನು 2000ದಲ್ಲಿ ಪಾಲಕರೆಂದು ಘೋಷಿಸಿತು; ರೋಮ್ ಅವರನ್ನು ಸಂತರೆಂದು ಸಾರಿದ್ದು 2015ರಲ್ಲಿ. ಊರು ಮೊದಲು ಒಪ್ಪಿತು, ಪದವಿ ಹಿಂದೆ ಬಂತು. ಮಂಗಳೂರಿನ ಹತ್ತಿರದ ಮುಡಿಪು ಗುಡ್ಡದಲ್ಲಿ, ಅವರನ್ನು ಕೊಲ್ಲಲೆಂದು ಮೋಸದಿಂದ ಕರೆತಂದ ಜಾಗದಲ್ಲಿ, ಅವರು ಮಂಡಿಯೂರಿದಾಗ ಒರತೆಗಳು ಎದ್ದವೆಂದು ನಂಬಿ ಜನರು ಇಂದಿಗೂ ಆ ನೀರನ್ನು ಬಾಟಲಿಗಳಲ್ಲಿ ಮನೆಗೆ ಒಯ್ಯುತ್ತಾರೆ.

ಉತ್ತರ: ತೆನೆಹಬ್ಬ

ಮೇಲಿನವರ ಮಾತಿಗೆ ಗೌರವವಿದೆ, ಒಪ್ಪಿಗೆಯಿಲ್ಲ. ಕರಾವಳಿಯ ಒಡತಿ ಮೊಂತಿ ಮಾತೆ, ಅಂದರೆ ಯೇಸುವಿನ ತಾಯಿ ಮರಿಯಮ್ಮ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ದಾಸವಾಳ, ಗೋರಂಟಿ ತಂದು ಬಾಲಮರಿಯಳಿಗೆ ಎರಚುತ್ತಾರೆ. ಸೆಪ್ಟೆಂಬರ್ 8ರಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪಾಯಸಕ್ಕೆ ಹಾಕಿ, ಅಂದು ಮೀನು ಮುಟ್ಟದೆ ಎಲೆಯಲ್ಲಿ ಒಟ್ಟಿಗೆ ಉಣ್ಣುತ್ತೇವೆ. ದುಬೈಯಲ್ಲಿರುವ ನನ್ನ ತಮ್ಮನಿಗೆ ಅಮ್ಮ ಪ್ರತಿ ವರ್ಷ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳುಹಿಸುತ್ತಾರೆ. ಇದಕ್ಕೆ ಯಾರ ಮತವೂ ಬೇಕಾಗಿರಲಿಲ್ಲ.

ಪ್ರಶ್ನೆ ಕೇಳಿದವರು: ಕುಂದಾಪುರದ ಮಗಳು

ಎಲ್ಲರಿಗೂ ವಂದನೆಗಳು. ಸಂಬಳ ತರಲು ಹೋದ ಅಂತೋನಿಯವರ ಕಥೆಯನ್ನು ಕೇಳಿ ಮಗ, ಅವರಿಗೆ ಬಡ್ತಿ ಸಿಕ್ಕಿತೇ ಎಂದು ಕೇಳಿದ. ಬಾಣಾವಳಿಯಲ್ಲಿ ಹುಟ್ಟಿದವರು ತನ್ನ ಅಮ್ಮನ ಬೀದಿಯಲ್ಲಿ ನಡೆದಾಡಿದ್ದರು ಎಂಬುದು ಅವನಿಗೆ ಬಹಳ ಹಿಡಿಸಿದೆ. ಜನವರಿ 16ಕ್ಕೆ ಮಾವನವರನ್ನೂ ಕರೆದುಕೊಂಡು ಮುಡಿಪಿಗೆ ಹೋಗುತ್ತಿದ್ದೇವೆ. ಬರುತ್ತೇನೆಂದು ಅವರು ಒಪ್ಪಿದ್ದಾರೆ, ಡಿಸೆಂಬರ್ 3ರಂದು ಜೇವಿಯರರ ಹಬ್ಬಕ್ಕೆ ನಾವೆಲ್ಲರೂ ಹಳೆಗೋವಾಕ್ಕೆ ಬರಬೇಕೆಂಬ ಷರತ್ತಿನ ಮೇಲೆ.