ಮೂರು ಕೆಲಸ ಹೇಳಿದ್ರ ಒಂದೇ ಮಾಡ್ತಾನ, ಏನ್ ಮಾಡೋದ್ರಿ?

ಕೊಪ್ಪಳದಿಂದ ಪ್ರಶ್ನೆ: ಮಗ ಆರನೇ ಕ್ಲಾಸ್. ಬುದ್ಧಿ ಚುರುಕೈತಿ. ಆದ್ರ ಹೋಂವರ್ಕ್ ಮುಗಿಸಿ ನೋಟ್‌ಬುಕ್ ಮನ್ಯಾಗ ಬಿಟ್ಟು ಹೋಗ್ತಾನ. ಎಲ್ಲಾರೂ ಉಡಾಳ ಅಂತಾರ, ಒಬ್ರು ಮಾತ್ರ 'ಎಕ್ಸಿಕ್ಯೂಟಿವ್ ಫಂಕ್ಷನ್' ಅಂದ್ರು. ಹಂಗಂದ್ರೇನು? ಮನ್ಯಾಗ ಏನ್ ಮಾಡಬೇಕು ಅಂತ ತಿಳಿದವರು ಹೇಳ್ರಿ.

ವಿಶೇಷ ಶಿಕ್ಷಕಿ, ರಾಯಚೂರು: ನೋಡ್ರಿ ಅಕ್ಕಾ, ಗೌಂಡಿಗಳು ಎಷ್ಟೇ ಜಾಣರಿದ್ರೂ ಮೇಸ್ತ್ರಿ ಇಲ್ಲದಿದ್ರ ಮನಿ ಏಳಂಗಿಲ್ಲ. ಮಿದುಳಿನ ಮುಂಭಾಗ ಆ ಮೇಸ್ತ್ರಿ. ಹೇಳಿದ್ದನ್ನ ಮುಗಿಯೋತನಕ ತಲ್ಯಾಗ ಹಿಡಿಯೋದು, ಮನಸ್ಸಿನ ಎಳೆತ ತಡಿಯೋದು, ಸಂದರ್ಭ ಬದಲಾದ್ರ ದಾರಿ ಬದಲಿಸೋದು ಅದರ ಕೆಲಸ, ಇದಕ್ಕೇ ಎಕ್ಸಿಕ್ಯೂಟಿವ್ ಫಂಕ್ಷನ್ ಅಂತಾರ. ಆ ಮುಂಭಾಗ ಪೂರ್ತಿ ಬಲಿಯೋದು ಸುಮಾರು 25ನೇ ವಯಸ್ಸಿಗೆ. ಅದಕ್ಕ ಒಂದೇ ಉಸಿರಿನಾಗ ಮೂರು ಕೆಲಸ ಹೇಳಬ್ಯಾಡ್ರಿ. ಒಂದು ಹೇಳಿ, ಅವನ ಬಾಯಿಂದ ತಿರುಗಿ ಹೇಳಿಸ್ರಿ.

ಚೀಲ ತುಂಬೋದನ್ನ ಇನ್ನೊಂದು ಕೆಲಸಕ್ಕ ಗಂಟು ಹಾಕ್ರಿ: 'ರಾತ್ರಿ ಉಂಡ ತಾಟು ತೊಳದಿಟ್ಟ ಕೂಡ್ಲೇ ಚೀಲ ತುಂಬತೀನಿ.' 'ದಿನಾ ಮರೀದಂಗ ತುಂಬತೀನಿ' ಅಂದ್ರ ನಡಿಯಂಗಿಲ್ಲ, ಯಾವಾಗ ಅನ್ನೋ ಗುರುತೇ ಅದರಾಗಿಲ್ಲ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1999ರಾಗ ಬರೆದದ್ದೂ ಇದನ್ನೇ. ಚೀಲ ತೂಗಹಾಕೋ ಮೊಳಿ ಹತ್ರ ನಾಕೇ ಚಿತ್ರ ಅಂಟಿಸ್ರಿ: ನೋಟ್‌ಬುಕ್, ಪೆನ್ನಿನ ಡಬ್ಬಿ, ಡೈರಿ, ನೀರಿನ ಬಾಟ್ಲಿ. ಹತ್ತು ಸಾಲಿನ ಪಟ್ಟಿ ಎರಡು ದಿನಕ್ಕ ಗೋಡಿ ಬಣ್ಣ ಆಗ್ತದ, ಕಣ್ಣಿಗೇ ಬೀಳಂಗಿಲ್ಲ.

ಬಹಳ ಮಂದಿ ತಪ್ಪೋದು ಮುಂದ. 'ಪೆನ್ನು ಹಾಕ್ಕೊ, ಡೈರಿ ಹಾಕ್ಕೊ' ಅಂದ್ರ ಮೇಸ್ತ್ರಿ ನೀವಾದ್ರಿ. 'ಏನು ಉಳೀತು ನೋಡು' ಅನ್ರಿ, ಸಾಕು. ಮೊದಲ ವಾರ ಜೊತಿ ಕೂಡ್ರಿ, ಎರಡನೇ ವಾರ ಚಿತ್ರದ ಕಡೆ ಬಟ್ಟು ತೋರಸ್ರಿ, ಮೂರನೇ ವಾರ ತುಂಬಿದ ಮ್ಯಾಲ ಒಮ್ಮೆ ನೋಡ್ರಿ. ಎಡವಿದ್ರ ಒಂದು ಹಂತ ಹಿಂದಕ್ಕ ಬರ್ರಿ.

ಗಣಿತ ಶಿಕ್ಷಕ, ಬಳ್ಳಾರಿ: ಹೋಂವರ್ಕಿಗೆ ಗೋಡೆ ಗಡಿಯಾರದ ಗಾಜಿನ ಮೇಲೆ ಸ್ಕೆಚ್ ಪೆನ್ನಿಂದ 15 ನಿಮಿಷ ಗುರುತು ಹಾಕಿ, ಆಮೇಲೆ 5 ನಿಮಿಷ ಬಿಡುವು ಕೊಡಿ. ಬಿಡುವಲ್ಲಿ ಮೊಬೈಲ್ ಕೊಟ್ರೆ ಮತ್ತೆ ಲೆಕ್ಕಕ್ಕೆ ಕೂರಿಸೋದು ದೊಡ್ಡ ಜಗಳ. ನೀರು, ಅಂಗಳದಲ್ಲಿ ಒಂದು ಸುತ್ತು ಸಾಕು. ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊದಲೇ ಊಹಿಸಿ ಬರೆಯಲಿ, ಮುಗಿದ ಮೇಲೆ ನಿಜವಾದ ಹೊತ್ತನ್ನು ಪಕ್ಕದಲ್ಲೇ ಬರೆಯಲಿ.

ಪಿ.ಟಿ. ಮಾಸ್ತರ, ಗಂಗಾವತಿ: ಕೆರೆ-ದಡ ಆಡಸ್ರಿ. ಹತ್ತು ಸಲ ಆದ ಮ್ಯಾಲ ನಿಯಮ ಉಲ್ಟಾ ಮಾಡ್ರಿ, 'ಕೆರೆ' ಅಂದ್ರ ದಡಕ್ಕ ಜಿಗೀಬೇಕು. ಮೈ ತಡಿಯೋದು, ನಿಯಮ ಬದಲಿಸೋದು ಎರಡೂ ಬಂತು. ದುಡ್ಡು ಕೊಟ್ಟು ಬ್ರೇನ್ ಟ್ರೇನಿಂಗ್ ಆ್ಯಪ್ ತಗೋಬ್ಯಾಡ್ರಿ. ಆ ಆಟದಾಗ ಅಂಕ ಏರತಾವು, ಚೀಲದಾಗ ನೋಟ್‌ಬುಕ್ ಬರಂಗಿಲ್ಲ.

ಆಪ್ತಸಮಾಲೋಚಕಿ, ರಾಯಚೂರು: ಮೊದಲು ನಿದ್ದೆ ನೋಡಿ, ಈ ವಯಸ್ಸಿಗೆ 9ರಿಂದ 12 ತಾಸು ಬೇಕು. ಕಣ್ಣು, ಕಿವಿ ತೋರಿಸಿ. ಮನೆ, ಶಾಲೆ ಎರಡೂ ಕಡೆ ಆರು ತಿಂಗಳಿಗೂ ಮೀರಿ ಹೀಗೇ ಇದ್ದರೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆಯೇ ಎಂದು ಮನೋವೈದ್ಯರು ನೋಡಬೇಕು. ಜಾಲತಾಣದ ಪ್ರಶ್ನಾವಳಿ ತುಂಬಿ ತೀರ್ಮಾನಕ್ಕೆ ಬರಬೇಡಿ. ಯಾರನ್ನು ಕಾಣಬೇಕೆಂದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಹತ್ತಿರ ಹೋಗುವಾಗ ಅವನ ನೋಟ್‌ಬುಕ್‌ಗಳನ್ನೂ ಒಯ್ಯಿರಿ, ಅರ್ಧಕ್ಕೇ ನಿಂತ ಪುಟಗಳು ಅವರಿಗೆ ಬೇಕಾಗುತ್ತವೆ.