ಪದಚರ್ಚೆ: ‘ಅಕ್ಯೂಟ್ ರಿಜೆಕ್ಷನ್’ ಎಂದರೆ ‘ತೀವ್ರ ತಿರಸ್ಕಾರ’ವೇ?

ಪ್ರಶ್ನೆ: ಕಿಡ್ನಿ ಕಸಿ ಆದವರಿಗಾಗಿ ತಯಾರಾಗುತ್ತಿರುವ ಕೈಪಿಡಿಯ ಕರಡಿನಲ್ಲಿ ‘ಅಕ್ಯೂಟ್ ರಿಜೆಕ್ಷನ್’ಗೆ (ಕಸಿ ಮಾಡಿದ ಕಿಡ್ನಿಯ ಮೇಲೆ ದೇಹವೇ ತಿರುಗಿ ಬೀಳುವುದಕ್ಕೆ) ‘ತೀವ್ರ ತಿರಸ್ಕಾರ’ ಎಂದೂ ‘ಪಲ್ಸ್ ಸ್ಟೀರಾಯ್ಡ್’ಗೆ ‘ನಾಡಿ ಸ್ಟೀರಾಯ್ಡ್’ ಎಂದೂ ಇದೆ. ಎರಡನೆಯದು ತಪ್ಪೆಂಬುದು ಸ್ಪಷ್ಟ. ಬದಲಿಗೆ ಏನು ಬರೆಯಬೇಕು? ಮೊದಲನೆಯದನ್ನು ಉಳಿಸಿಕೊಳ್ಳಬಹುದೇ, ‘ಒಗ್ಗದಿಕೆ’ ಎನ್ನಬಹುದೇ?

ಉತ್ತರ: ಉಳಿಸಿಕೊಳ್ಳಬೇಡಿ. ‘ತೀವ್ರ’ ಎಂದೊಡನೆ ಓದುಗರಿಗೆ ‘ಜೋರಾದದ್ದು’ ಎಂಬ ಅರ್ಥವೇ ಹೊಳೆಯುತ್ತದೆ. ಇಲ್ಲಿ ಅಕ್ಯೂಟ್ ಎಂಬುದು ವೇಗದ ಮಾತು, ಕೆಲವೇ ದಿನಗಳಲ್ಲಿ ತಲೆದೋರುವುದು ಎಂದರ್ಥ. ಜ್ವರವಿಲ್ಲದೆ, ನೋವಿಲ್ಲದೆ, ಮೂತ್ರ ಕಡಿಮೆಯಾಗದೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ತ್ಯಾಜ್ಯ) ಮಾತ್ರ ಏರಿ, ಬಯಾಪ್ಸಿ (ಕಿಡ್ನಿಯ ಚೂರು ತೆಗೆದು ಪರೀಕ್ಷೆ) ಮಾಡಿದಾಗಲೇ ಖಚಿತವಾಗುವ ಅಕ್ಯೂಟ್ ರಿಜೆಕ್ಷನ್ ಅಪರೂಪವೇನಲ್ಲ. ‘ತೀವ್ರ’ ಎಂದು ಓದಿದವರು ನೋವು ಬರಲೆಂದು ಕಾಯುತ್ತಾರೆ. ಅಷ್ಟರಲ್ಲಿ ಕಿಡ್ನಿಗೆ ಮಾಸದ ಕಲೆ ಬಿದ್ದಿರುತ್ತದೆ. ಅದರ ಬದಲು ‘ಹಠಾತ್’ ಎನ್ನುವುದೇ ಮೇಲು.

‘ಒಗ್ಗದಿಕೆ’ ಕಿವಿಗೆ ಹಿತ, ಆದರೆ ಅರ್ಥಕ್ಕೆ ಸಾಲದು. ಒಗ್ಗದ ಊಟವನ್ನೋ ಮದ್ದನ್ನೋ ನಾವು ಬಿಟ್ಟುಬಿಡುತ್ತೇವೆ. ಇಲ್ಲಿ ಬಿಡುವಂಥದ್ದೇನಿಲ್ಲ: ದೇಹದ ರಕ್ಷಣಾಪಡೆಯ ಟಿ ಜೀವಕೋಶಗಳೋ (ಒಂದು ಬಗೆಯ ಬಿಳಿ ರಕ್ತಕಣ) ಪ್ರತಿಕಾಯಗಳೋ (ರಕ್ತದಲ್ಲಿನ ರಕ್ಷಣಾ ಪ್ರೋಟೀನು) ಕಿಡ್ನಿಯ ಮೇಲೆ ಎರಗುತ್ತಿವೆ, ಅವನ್ನು ತಡೆಯಬೇಕು. ತೋಟದವರ ‘ಕಸಿ ಹಿಡಿಯಲಿಲ್ಲ’ ಕೂಡ ಹೊಂದುವುದಿಲ್ಲ. ಚೆನ್ನಾಗಿ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದ ಕಿಡ್ನಿಗೂ ರಿಜೆಕ್ಷನ್ ತಡೆಯುವ ಗುಳಿಗೆ ತಪ್ಪಿದರೆ ಈ ಅಪಾಯ ಉಂಟು.

ನಾಮಪದಕ್ಕಿಂತ ನನಗೆ ಕ್ರಿಯಾಪದದ ಚಿಂತೆ ಹೆಚ್ಚು. ‘ಕಿಡ್ನಿ ರಿಜೆಕ್ಟ್ ಆಯ್ತು’ ಎಂದರೆ ಮನೆಯವರ ಪಾಲಿಗೆ ಕಿಡ್ನಿ ಹೋಯಿತು. ‘ರಿಜೆಕ್ಷನ್ ಶುರುವಾಗಿದೆ’ ಎಂದರೆ ಇನ್ನೂ ದಾರಿಯಿದೆ, ನಿಜವಾಗಿಯೂ ಇದೆ. ಆಸ್ಪತ್ರೆಯಲ್ಲಿ ದಿನವೂ ಕಿವಿಗೆ ಬೀಳುವ ‘ರಿಜೆಕ್ಷನ್’ ಪದವನ್ನೇ ಇಟ್ಟುಕೊಂಡು, ‘ದೇಹವು ಹೊಸ ಕಿಡ್ನಿಯನ್ನು ಹೊರಗಿನದೆಂದು ಗುರುತಿಸಿ ಹಾನಿ ಮಾಡುವುದು’ ಎಂದು ಒಮ್ಮೆ ಬಿಡಿಸಿ ಹೇಳಿ. ‘ವೈಫಲ್ಯ’ವನ್ನು ಕಿಡ್ನಿ ಪೂರ್ತಿ ನಿಂತಾಗಷ್ಟೇ ಬಳಸಿ.

ಇನ್ನು ‘ಪಲ್ಸ್ ಸ್ಟೀರಾಯ್ಡ್’: ಟಿ ಜೀವಕೋಶಗಳಿಂದ ಆದ ರಿಜೆಕ್ಷನ್‌ಗೆ ಸಾಮಾನ್ಯವಾಗಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 250ರಿಂದ 500 ಮಿಲಿಗ್ರಾಂ, ಮೂರು ದಿನ, ರಕ್ತನಾಳದ ಮೂಲಕ. ಪಲ್ಸ್ ಎಂದರೆ ಇದೇ. ‘ಮೂರು ದಿನದ ಭಾರಿ ಡೋಸ್ ಸ್ಟೀರಾಯ್ಡ್’ ಎನ್ನಿ. ಅದಕ್ಕೆ ಬಗ್ಗದಿದ್ದರೆ ಎಟಿಜಿ, ಅಂದರೆ ಟಿ ಜೀವಕೋಶಗಳನ್ನೇ ನಾಶಮಾಡುವ ಮದ್ದು. ಪ್ರತಿಕಾಯಗಳಿಂದ ಆಗಿದ್ದರೆ ಬರೀ ಸ್ಟೀರಾಯ್ಡ್ ಸಾಲದು. ಪ್ಲಾಸ್ಮಾ ಬದಲಾವಣೆ (ಪ್ರತಿಕಾಯಗಳಿರುವ ರಕ್ತದ್ರವವನ್ನು ತೆಗೆದು ಬೇರೆಯದನ್ನು ತುಂಬುವುದು), ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಮದ್ದು) ಬೇಕಾಗುತ್ತವೆ. ಹಾಗಾಗಿ ‘ಟಿ ಕೋಶದ’, ‘ಪ್ರತಿಕಾಯದ’ ಎಂಬ ವಿಶೇಷಣವನ್ನು ಸುಲಭವಾಗಲೆಂದು ಕೈಬಿಡಬೇಡಿ.

ಕೇಳದಿದ್ದರೂ ಇನ್ನೊಂದು: ರಿಜೆಕ್ಷನ್ ತಡೆಯಲು ನುಂಗುವ ಟ್ಯಾಕ್ರೊಲಿಮಸ್‌ನ ‘ಟ್ರಫ್ ಲೆವೆಲ್’ ಅನ್ನು ‘ತಗ್ಗಿದ ಮಟ್ಟ’ ಎಂದು ಬರೆದರೆ ಮದ್ದು ಕಡಿಮೆಯಾಗಿದೆ ಎಂದು ಓದಿಕೊಳ್ಳುತ್ತಾರೆ. ‘ಗುಳಿಗೆಗೆ ಮುಂಚಿನ ಮಟ್ಟ’ ಎನ್ನಿ. ಆಗ ಬೆಳಗಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕೆಂಬುದು ಪದದಲ್ಲೇ ತಿಳಿಯುತ್ತದೆ. ಮೊದಲೇ ನುಂಗಿದರೆ ಮಟ್ಟ ಸುಳ್ಳಾಗಿ ಹೆಚ್ಚು ಕಾಣುತ್ತದೆ, ಡೋಸ್ ಇಳಿಸಲಾಗುತ್ತದೆ, ರಿಜೆಕ್ಷನ್‌ಗೆ ಅಲ್ಲಿಂದಲೇ ಹಾದಿ.