ಹ್ಯಾಂಡಲ್ 68 ಸೆಂ.ಮೀ. ಇದೆ, ಭುಜ ನೋವು. ಕತ್ತರಿಸಬಹುದಾ?

ಪ್ರಶ್ನೆ:
ನಮಸ್ಕಾರ. ಆರು ತಿಂಗಳ ಹಿಂದೆ ನೇರ ಹ್ಯಾಂಡಲ್ ಇರುವ ಹೈಬ್ರಿಡ್ ಸೈಕಲ್ ತಗೊಂಡೆ. ಭಾನುವಾರ ಮೈಸೂರಿನಿಂದ ನಂಜನಗೂಡಿಗೆ ಹೋಗಿ ಬರುತ್ತೇನೆ. ಕಡಕೊಳ ದಾಟುವಷ್ಟರಲ್ಲಿ ಕತ್ತು, ಭುಜ ಹಿಡಿದುಕೊಳ್ಳುತ್ತದೆ. ವಾಪಸ್ ಬರುವಾಗ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ನನ್ನ ಎತ್ತರ 5 ಅಡಿ 3 ಇಂಚು. ಹ್ಯಾಂಡಲ್ ತುದಿಯಿಂದ ತುದಿಗೆ 68 ಸೆಂ.ಮೀ. ಅಂಗಡಿಯವರು "ಅಭ್ಯಾಸ ಆಗುತ್ತೆ" ಅಂದರು. ಆಗಲಿಲ್ಲ. ಎರಡೂ ಕಡೆ ಕತ್ತರಿಸಿಬಿಡಲಾ?

ಉತ್ತರ:
ಆಕ್ಸಾ ಬ್ಲೇಡ್ ಸದ್ಯಕ್ಕೆ ಒಳಗಿಡಿ. ನೀವು ಹೇಳುತ್ತಿರುವುದು ಎರಡು ಬೇರೆ ಬೇರೆ ತೊಂದರೆ ಅನ್ನಿಸುತ್ತದೆ. ಭುಜದ್ದು ಅಗಲದಿಂದ ಇರಬಹುದು. ಬೆರಳಿನದು ಹೆಚ್ಚಾಗಿ ಅಂಗೈ ಮೇಲೆ ಬೀಳುವ ಭಾರದಿಂದ. ಆ ಎರಡು ಬೆರಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಯಿಂದ ಹಾಯುತ್ತದೆ. ಹ್ಯಾಂಡಲ್ ಒತ್ತುವುದೂ ಅಲ್ಲೇ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೇ ಬರುತ್ತದೆ. ಮೊದಲು ಅದನ್ನು ನೋಡಿ.

ಅಗಲ ಪರೀಕ್ಷಿಸಲು ಕತ್ತರಿಸಬೇಕಿಲ್ಲ. ಬ್ರೇಕ್, ಗೇರ್ ಲಿವರ್‌ಗಳನ್ನು ಅಲೆನ್ ಕೀಯಿಂದ (ಆರು ಮೂಲೆಯ ಕೀ) ಸಡಿಲ ಮಾಡಿ ಒಳಗೆ ಸರಿಸಿ, ಗ್ರಿಪ್‌ಗಳನ್ನೂ ಒಂದೊಂದು ಕಡೆ 2 ಸೆಂ.ಮೀ. ಒಳಗೆ ತಳ್ಳಿ. ರಬ್ಬರ್ ಗ್ರಿಪ್ ಆದರೆ ಸೋಪಿನ ನೀರು ಬಿಟ್ಟರೆ ಜಾರುತ್ತದೆ, ಆದರೆ ಪೂರ್ತಿ ಒಣಗುವ ತನಕ ಓಡಿಸಬೇಡಿ. ಹೊರಗೆ ಉಳಿದ ಪೈಪಿನ ಬಾಯಿಗೆ ಬಿರಡೆ ಹಾಕಿ. ಬಿದ್ದಾಗ ತೆರೆದ ಪೈಪು ಹೊಟ್ಟೆಗೆ ಚುಚ್ಚಿದರೆ ಕಷ್ಟ. ಎರಡು ಭಾನುವಾರ ಹಾಗೇ ಓಡಿಸಿ ನೋಡಿ.

ಇನ್ನೊಬ್ಬರು:
ಭುಜದ ಮೂಳೆಯಿಂದ ಮೂಳೆಗೆ ಅಳೆದು ಅಷ್ಟೇ ಅಗಲ ಇಟ್ಟುಕೊಂಡರೆ ಆಯಿತು, ಅಲ್ವಾ? ನನ್ನದು 40.

ಉತ್ತರ:
ಅದು ಕೊಂಬಿನ ಹಾಗೆ ಬಾಗಿದ ರೋಡ್ ಬೈಕ್ ಹ್ಯಾಂಡಲ್‌ಗೆ ಸರಿ ಸರ್. ಅಲ್ಲೂ ಕೆಲವರು ನಡುವಿನಿಂದ ನಡುವಿಗೆ ಅಳೆಯುತ್ತಾರೆ, ಕೆಲವರು ಹೊರಗಿನಿಂದ ಹೊರಗೆ. ಸುಮಾರು 2 ಸೆಂ.ಮೀ. ವ್ಯತ್ಯಾಸ ಬರುತ್ತದೆ, ಕೊಳ್ಳುವಾಗ ಕೇಳಿ. ನೇರ ಹ್ಯಾಂಡಲ್ ಅಷ್ಟು ಕಿರಿದಾದರೆ ಲಿವರ್ ಕೂರಿಸಲೂ ಜಾಗ ಸಾಲದು. ಇದಕ್ಕೆ ನಾನು ದಂಡ ಹೊಡೆಸಿ ನೋಡುತ್ತೇನೆ. ತಮಾಷೆ ಅಲ್ಲ. ನೆಲದ ಮೇಲೆ ಸಲೀಸಾಗಿ ಕೈ ಊರಿದಾಗ ಎರಡು ಅಂಗೈಗಳ ನಡುವೆ ಎಷ್ಟು ದೂರ ಇದೆಯೋ, ಗ್ರಿಪ್ ಸುಮಾರು ಅಲ್ಲಿಗೆ ಬರಬೇಕು.

ಪ್ರಶ್ನೆ ಕೇಳಿದವರು:
ಅಗಲ ಕಮ್ಮಿ ಮಾಡಿದರೆ ಹ್ಯಾಂಡಲ್ ಹತ್ತಿರ ಬಂದಂತಾಗುತ್ತದಾ? ಈಗ ತುಂಬಾ ಚಾಚಬೇಕು.

ಉತ್ತರ:
ಹಾಗೆ ಹೇಳುವವರು ಜಾಸ್ತಿ. ಲೆಕ್ಕ ಹಾಕಿ ನೋಡಿ: ಭುಜದಿಂದ ಅಂಗೈಗೆ 55 ಸೆಂ.ಮೀ. ಇಟ್ಟುಕೊಳ್ಳಿ. ಕೈ ಒಂದೊಂದು ಕಡೆ ಭುಜದಿಂದ 10 ಸೆಂ.ಮೀ. ಹೊರಗಿದ್ದದ್ದು 7ಕ್ಕೆ ಬಂದರೆ ಸಿಗುವುದು ಅರ್ಧ ಸೆಂ.ಮೀ. ಅಷ್ಟೇ! ಚಾಚುವುದು ಕಮ್ಮಿ ಆಗಬೇಕಾದರೆ ಗಿಡ್ಡ ಸ್ಟೆಮ್ ಹಾಕಿ, ಅಂದರೆ ಹ್ಯಾಂಡಲನ್ನು ಸೈಕಲ್‌ಗೆ ಹಿಡಿದಿಡುವ ತುಂಡು. 90 ಮಿ.ಮೀ. ಇದ್ದರೆ 70 ಹಾಕಿದಾಗ ನೇರ 2 ಸೆಂ.ಮೀ. ಸಿಗುತ್ತದೆ. ಹಳೆಯದನ್ನು ಬಿಚ್ಚಿಕೊಂಡು ಹೋಗಿ, ಹ್ಯಾಂಡಲ್ ಹಿಡಿಯುವ ಜಾಗದ ಅಳತೆ 25.4 ಮಿ.ಮೀ. ಇರಬಹುದು, 31.8 ಇರಬಹುದು.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:
ಸೀಟಿನ ಮೂತಿ ನಿಜವಾಗಿಯೂ ಕೆಳಗಿತ್ತು. ಸಮ ಮಾಡಿದ ದಿನವೇ ಜೋಮು ಮುಕ್ಕಾಲು ಪಾಲು ಹೋಯಿತು. ಗ್ರಿಪ್ 2 ಸೆಂ.ಮೀ. ತಳ್ಳಿದಾಗ ಭುಜ ಹಗುರ. 3 ತಳ್ಳೋಣ ಅಂದರೆ ಗೇರ್ ಲಿವರ್ ಪೈಪು ದಪ್ಪಗಾಗುವ ಜಾಗಕ್ಕೆ ತಾಗಿ ನಿಂತಿತು. ಹಾಗಾಗಿ 64ಕ್ಕೇ ಕತ್ತರಿಸಿ ಅರದಿಂದ ಉಜ್ಜಿದ್ದೇನೆ. ನಂಜನಗೂಡಲ್ಲಿ ಇಳಿದಾಗ ಕತ್ತು ಆರಾಮಾಗಿ ತಿರುಗುತ್ತಿತ್ತು. ಸ್ಟೆಮ್ ಇನ್ನೂ ಬದಲಿಸಿಲ್ಲ, ಮುಂದಿನ ಸಂಬಳ ಬರಲಿ.